ಆಮದು ಪರ್ಯಾಯ ನೀತಿಯ ಬೆಲೆ: ಮಲೆನಾಡಿನ ಕಾಫಿಯ ನಿದರ್ಶನ

ಹೊರದೇಶಗಳಿಂದ ತರಿಸುವ ಸರಕುಗಳನ್ನು ನಿರ್ಬಂಧಿಸಿ ಸ್ವದೇಶದಲ್ಲಿಯೇ ತಯಾರಿಸುವ ಧೋರಣೆಗೆ ಆಮದು ಪರ್ಯಾಯ ನೀತಿಯೆಂದು ಹೆಸರು. 1956ರಲ್ಲಿ ಆರಂಭವಾದ ಎರಡನೆಯ ಪಂಚವಾರ್ಷಿಕ ಯೋಜನೆಯಿಂದ ಇದು ಭಾರತದ ಕೈಗಾರಿಕಾ ನೀತಿಯ ತಿರುಳಾಯಿತು. ಇದರಿಂದ ಲಾಭವಾಗಲಿಲ್ಲವೆಂದು ಹೇಳಲಾಗದು. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಮಷಿನ್ ಟೂಲ್ಸ್‌ನಂತಹ ಸಂಸ್ಥೆಗಳು ನುರಿತ ಕೆಲಸಗಾರರ ಒಂದು ಪೀಳಿಗೆಯನ್ನೇ ಸಿದ್ಧಪಡಿಸಿದವು. ಆದರೆ ಅದರ ವೆಚ್ಚವನ್ನು ಯಾರು ತೆತ್ತರು? ಉತ್ತರದ ಒಂದು ಭಾಗವನ್ನು ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ತೋಟಗಳಲ್ಲಿ ಅರಸಬೇಕೆಂದು ನಮ್ಮ ಅಭಿಪ್ರಾಯ.

ಕಾರಣವಿಷ್ಟೆ. ಆಮದನ್ನು ಪರವಾನಗಿಯಿಂದ ಬಿಗಿಹಿಡಿದಾಗ ಡಾಲರಿಗೆ ಬೇಡಿಕೆ ಕುಗ್ಗುತ್ತದೆ. ರೂಪಾಯಿಯ ವಿನಿಮಯ ದರವನ್ನು ಅದರ ನಿಜಬೆಲೆಗಿಂತ ಮೇಲೆ ನಿಲ್ಲಿಸುವುದು ಸಾಧ್ಯವಾಗುತ್ತದೆ. 1949ರಿಂದ 1966ರವರೆಗೆ ಡಾಲರಿಗೆ 4.76 ರೂಪಾಯಿಯ ದರವಿದ್ದಿತು. ಆಗ ನೂರು ಡಾಲರಿಗೆ ಮಾರಾಟವಾದ ಕಾಫಿಯಿಂದ ನಾಡಿಗೆ ಬಂದುದು 476 ರೂಪಾಯಿ. 1966ರ ಜೂನ್ 6ರಂದು ದರವನ್ನು 7.50ಕ್ಕೆ ಇಳಿಸಿದ ಬಳಿಕ ಅದೇ ನೂರು ಡಾಲರಿನ ಬೆಲೆ 750 ರೂಪಾಯಿ. ಈ ಅಂತರವೆಲ್ಲವೂ ಆಮದು ನಿರ್ಬಂಧದ ಫಲವಲ್ಲ. ದೇಶದೊಳಗಿನ ಬೆಲೆಯೇರಿಕೆಯೂ ಅದರಲ್ಲಿ ಸೇರಿದೆ. ಆದರೂ ರಫ್ತಿನ ಮೇಲೆ ಬಿದ್ದ ಈ ಹೊರೆ ಯಾವ ತೆರಿಗೆಯ ಪಟ್ಟಿಯಲ್ಲಿಯೂ ಕಾಣದು. ಇತ್ತ ತೋಟಕ್ಕೆ ಬೇಕಾದ ಪಂಪು, ಪಲ್ಪರು, ವಾಹನಗಳನ್ನು ಸ್ಪರ್ಧೆಯಿಲ್ಲದ ಸ್ವದೇಶೀ ಮಾರುಕಟ್ಟೆಯಲ್ಲಿಯೇ ಕೊಳ್ಳಬೇಕಿತ್ತು.

ಬೆಳೆಗಾರನಿಗೆ ಈ ನಷ್ಟ ನೇರವಾಗಿ ಗೋಚರಿಸಲಿಲ್ಲ. 1942ರ ಕಾಯಿದೆಯ ಪ್ರಕಾರ ಬೆಳೆಯನ್ನು ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹಕ್ಕೆ ಒಪ್ಪಿಸಬೇಕಾಗಿತ್ತು. ದೇಶದೊಳಗಿನ ಮಾರಾಟ, ರಫ್ತು ಎರಡರ ಹುಟ್ಟುವಳಿಯನ್ನೂ ಕೂಡಿಸಿ ಮಂಡಳಿಯು ಕಂತುಗಳಲ್ಲಿ ಹಣ ಕೊಡುತ್ತಿತ್ತು. ಬೆಲೆ ಕುಸಿದಾಗ ಈ ವ್ಯವಸ್ಥೆ ಸಣ್ಣ ಬೆಳೆಗಾರನಿಗೆ ಆಸರೆಯಾದುದೂ ಉಂಟು. ಆದರೆ ವಿನಿಮಯ ದರದಿಂದ ತನಗೆ ತಪ್ಪಿದುದೆಷ್ಟೆಂದು ತಿಳಿಯುವ ದಾರಿ ಅವನಿಗಿರಲಿಲ್ಲ.

1991ರ ಜುಲೈಯಲ್ಲಿ ರೂಪಾಯಿಯ ಮೌಲ್ಯವನ್ನು ಮತ್ತೆ ಇಳಿಸಲಾಯಿತು. ಆಮದು ಪರವಾನಗಿಗಳು ಸಡಿಲಗೊಂಡವು. 1992ರಿಂದ 1996ರವರೆಗೆ ಹಂತಹಂತವಾಗಿ ಕಾಫಿಯ ಮುಕ್ತ ಮಾರಾಟಕ್ಕೆ ಅನುಮತಿ ದೊರೆಯಿತು. ಆ ವರ್ಷಗಳಲ್ಲಿ ಮಲೆನಾಡು ಕಂಡ ಏಳಿಗೆಯನ್ನೆಲ್ಲ ನೀತಿಯ ಬದಲಾವಣೆಗೇ ಸಲ್ಲಿಸುವುದು ಸರಿಯಲ್ಲ; 1994ರಲ್ಲಿ ಬ್ರೆಜಿಲಿನ ತೋಟಗಳಿಗೆ ಹಿಮ ಬಿದ್ದು ಜಗತ್ತಿನಲ್ಲೆಲ್ಲ ಕಾಫಿಯ ಬೆಲೆ ಏರಿತ್ತು.

ಆದುದರಿಂದ ಈ ಕಾಲದ ತೋಟದ ಲೆಕ್ಕಪುಸ್ತಕಗಳನ್ನು ಪರಿಶೀಲಿಸುವ ವಿದ್ಯಾರ್ಥಿಗಳು ಮಳೆ, ಕೂಲಿ, ಇಳುವರಿಗಳ ಅಂಕಿಗಳ ಪಕ್ಕದಲ್ಲಿ ಆಯಾ ವರ್ಷದ ವಿನಿಮಯ ದರವನ್ನೂ ಬರೆದಿಟ್ಟುಕೊಳ್ಳಬೇಕೆಂದು ಸೂಚಿಸುತ್ತೇವೆ. ಕಾರ್ಖಾನೆಯ ಏಳಿಗೆಗೆ ತೋಟವು ಸಲ್ಲಿಸಿದ ಕಾಣಿಕೆ ಆಗ ಅಂಕಿಗಳಲ್ಲಿಯೇ ಕಾಣಿಸುವುದು.