ತಾಲೀಮಿನಲ್ಲಿ ಬೆಳೆಯುವ ಮಕ್ಕಳು

ತಮಿಳುನಾಡಿನ ತೇನಿ ಜಿಲ್ಲೆಯ ಹನುಮಂತನಪಟ್ಟಿಯ ಹೆಸರು ಕೇಳಿದ ಕನ್ನಡಿಗರು ಕಡಿಮೆ. ಅದೇ ಉತ್ತಮಪಾಳ್ಯಂ ತಾಲ್ಲೂಕಿನ ಪಣ್ಣೈಪುರಂ ಹಾಗಲ್ಲ. ಅದು ಇಳಯರಾಜ ಹುಟ್ಟಿದ ಊರು. ‘ಗೀತಾ’, ‘ಪಲ್ಲವಿ ಅನುಪಲ್ಲವಿ’ ಚಿತ್ರಗಳ ಹಾಡುಗಳಿಂದ ನಮ್ಮ ಮನೆಮಾತಾದ ಈ ಸಂಗೀತಗಾರನ ಮೊದಲ ಪಾಠಗಳು ಶಾಲೆಯಲ್ಲಿ ನಡೆಯಲಿಲ್ಲ. ಹದಿಹರೆಯದಲ್ಲಿ ಅಣ್ಣ ಪಾವಲರ್ ವರದರಾಜನ್ ಅವರ ತಂಡದ ಜೊತೆ ಊರೂರು ತಿರುಗಿ, ಕಮ್ಯುನಿಸ್ಟ್ ಪಕ್ಷದ ಸಭೆಗಳಲ್ಲಿ ಹಾಡುತ್ತ, ಬಾರಿಸುತ್ತ ಅವರು ಪಳಗಿದರು. ನಿರ್ದೇಶಕ ಭಾರತಿರಾಜ, ಕವಿ ವೈರಮುತ್ತು ಕೂಡ ಇದೇ ಜಿಲ್ಲೆಯವರು. ಇಷ್ಟು ಕಲಾವಿದರನ್ನು ಕೊಟ್ಟ ಸೀಮೆಯಲ್ಲೂ ಕಲೆ ಎಂಬುದು ಬಹುಕಾಲ ಶಾಲೆಯ ಗೇಟಿನ ಹೊರಗೇ ಇತ್ತು.

ಗೇಟು ದಾಟಿ ತರಗತಿಯೊಳಗೆ ಅದು ಕಾಲಿಟ್ಟ ಬಗೆಗೆ ನೂರು ವರ್ಷಗಳ ಕತೆಯಿದೆ. ಅದರ ಒಂದು ಎಳೆ ಪಕ್ಕದ ದಿಂಡಿಗಲ್ ಜಿಲ್ಲೆಯಲ್ಲಿದೆ, ಇನ್ನೊಂದು ನಮ್ಮ ಬಂಟ್ವಾಳದ ಮಂಚಿಯಲ್ಲಿದೆ.

ಬೋಳು ಗೋಡೆಯ ಪ್ರಶ್ನೆ

1924ರ ಅಕ್ಟೋಬರ್. ಹಿಂದೂ–ಮುಸ್ಲಿಂ ಐಕ್ಯಕ್ಕಾಗಿ 21 ದಿನಗಳ ಉಪವಾಸ ಮುಗಿಸಿ ಗಾಂಧೀಜಿ ದೆಹಲಿಯಲ್ಲಿ ಸುಧಾರಿಸಿಕೊಳ್ಳುತ್ತಿದ್ದರು. ತಿರುವಾಂಕೂರು ಕಡೆಯ ತರುಣ, ಶಾಂತಿನಿಕೇತನದ ವಿದ್ಯಾರ್ಥಿ ಜಿ. ರಾಮಚಂದ್ರನ್ ಗಾಂಧೀಜಿಯನ್ನು ಕಂಡು ಕಲೆಯ ವಿಷಯ ಎತ್ತಿದರು. ನಿಮ್ಮ ಬದುಕಿನಲ್ಲಿ ಕಲೆಗೆ ಜಾಗವಿಲ್ಲವೆಂದು ಬಹಳ ಜನ ತಿಳಿದಿದ್ದಾರಲ್ಲ ಎಂಬುದು ಪ್ರಶ್ನೆಯ ತಿರುಳು. ತನ್ನ ಕೋಣೆಯ ಗೋಡೆ ಬೋಳಾಗಿದ್ದರೂ ಸೈ, ಚಾವಣಿಯೇ ಇಲ್ಲದಿದ್ದರೂ ಸೈ, ನಕ್ಷತ್ರ ಕಂಡರಾಯಿತು ಎಂಬ ಧಾಟಿಯಲ್ಲಿ ಗಾಂಧೀಜಿ ಉತ್ತರಿಸಿದರು. ಒಳಗಿನದನ್ನು ಹೊರಗೆ ತೋರದ ಕಲೆಯಲ್ಲಿ ಅವರಿಗೆ ಆಸಕ್ತಿಯಿರಲಿಲ್ಲ. ಮಹದೇವ ದೇಸಾಯಿ ಬರೆದುಕೊಂಡ ಈ ಮಾತುಕತೆ ಮುಂದಿನ ತಿಂಗಳು ‘ಯಂಗ್ ಇಂಡಿಯಾ’ದಲ್ಲಿ ಅಚ್ಚಾಯಿತು.

ಟಾಗೋರರ ಶಾಲೆ ಮತ್ತು ಗಾಂಧೀಜಿಯ ಆಶ್ರಮಗಳ ನಡುವಿನ ಈ ತಕರಾರು ಮುಂದೆ ಒಂದು ಪಠ್ಯಕ್ರಮವಾಗಿ ಫಲಿಸಿತು. 1937ರಲ್ಲಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಸೇರಿ, ಜಾಕಿರ್ ಹುಸೇನ್ ಸಮಿತಿ ಗಾಂಧೀಜಿಯ ‘ನಯಿ ತಾಲೀಮ್’ (ಹೊಸ ಶಿಕ್ಷಣ) ಕ್ರಮದ ವಿಷಯಪಟ್ಟಿ ಸಿದ್ಧಪಡಿಸಿತು. ನೂಲುವುದು, ನೇಯುವುದರಂಥ ಕೈಕಸಬು, ತಾಯ್ನುಡಿ, ಲೆಕ್ಕ, ವಿಜ್ಞಾನಗಳ ಸಾಲಿನಲ್ಲೇ ಚಿತ್ರಕಲೆಗೂ ಸಂಗೀತಕ್ಕೂ ಅಲ್ಲಿ ಜಾಗ ಸಿಕ್ಕಿತು. ಶಾಂತಿನಿಕೇತನದಲ್ಲಿ ಕಲಿತ ದೇವಿಪ್ರಸಾದ್ 1944ರಲ್ಲಿ ಸೇವಾಗ್ರಾಮಕ್ಕೆ ಬಂದು ಸುಮಾರು ಹದಿನೆಂಟು ವರ್ಷ ಮಕ್ಕಳಿಗೆ ಚಿತ್ರಕಲೆ ಕಲಿಸಿದರು. ಶಿಕ್ಷಣದ ತಳಹದಿಯೇ ಕಲೆ ಎಂಬುದು ಅವರ ವಾದ. ಚಿತ್ರಕಾರರನ್ನು ತಯಾರಿಸುವುದು ಅವರ ಗುರಿಯಾಗಿರಲಿಲ್ಲ.

1947ರ ಅಕ್ಟೋಬರ್‌ನಲ್ಲಿ ರಾಮಚಂದ್ರನ್ ಮತ್ತು ಅವರ ಪತ್ನಿ, ವೈದ್ಯೆ ಟಿ.ಎಸ್. ಸೌಂದರಂ ಸಿರುಮಲೈ ಬೆಟ್ಟಗಳ ತಪ್ಪಲಲ್ಲಿ, ಚಿನ್ನಾಳಪಟ್ಟಿಯ ಪಕ್ಕದಲ್ಲಿ ಗಾಂಧಿಗ್ರಾಮ ಕಟ್ಟಿದರು. 1956ರಲ್ಲಿ ಅಲ್ಲಿ ಗ್ರಾಮೀಣ ಸಂಸ್ಥೆ ಶುರುವಾಗಿ, 1976ರಲ್ಲಿ ಅದಕ್ಕೆ ವಿಶ್ವವಿದ್ಯಾಲಯದ ಮಾನ್ಯತೆ ದೊರೆಯಿತು. ದೆಹಲಿಯಲ್ಲಿ ಕಲೆಯ ಪ್ರಶ್ನೆ ಕೇಳಿದ್ದ ಹುಡುಗ ಹೀಗೆ ದಿಂಡಿಗಲ್ ಸೀಮೆಯ ಮೇಷ್ಟ್ರಾದ.

ಮೂರನೇ ತರಗತಿಯ ಗೋಪಾಲ

ಎರಡನೆಯ ಎಳೆ ಮಂಚಿಯ ಬಾಬುಕೋಡಿಯದು. 1929ರಲ್ಲಿ ಹುಟ್ಟಿದ ಬಿ.ವಿ. ಕಾರಂತರು ಮೊದಲು ಬಣ್ಣ ಹಚ್ಚಿದ್ದು ಮೂರನೇ ತರಗತಿಯಲ್ಲಿ. ಕುವೆಂಪು ಅವರ ‘ನನ್ನ ಗೋಪಾಲ’ವನ್ನು ಆಡಿಸಿದವರು ಪಿ.ಕೆ. ನಾರಾಯಣ ಎಂಬ ಮೇಷ್ಟ್ರು. ಹುಡುಗನಿಗೆ ಹುಚ್ಚು ಹಿಡಿಯಿತು. ಮುಂದೆ ಮನೆಬಿಟ್ಟು ಓಡಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿದ. ವೀರಣ್ಣನವರೇ ಅವನನ್ನು ಓದಲು ಕಾಶಿಗೆ ಕಳಿಸಿದರು. ಅಲ್ಲಿ ಪಂಡಿತ್ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಕಲಿತು, 1962ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ ಹೊರಬಿದ್ದ ಕಾರಂತರು 1969ರಿಂದ 1972ರವರೆಗೆ ಮಾಡಿದ ಕೆಲಸವೇನು? ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ನಾಟಕದ ಮೇಷ್ಟ್ರಗಿರಿ.

ಕಾರಂತರೆಂದರೆ ನಮಗೆ ‘ಜೋಕುಮಾರಸ್ವಾಮಿ’, ‘ಹಯವದನ’ ನೆನಪಾಗುತ್ತವೆ. ಆದರೆ ಅವರ ‘ಪಂಜರಶಾಲೆ’ಯನ್ನು ಆಡದ ಮಕ್ಕಳ ತಂಡ ಕರ್ನಾಟಕದಲ್ಲಿ ವಿರಳ. ಮೂಲ ಕತೆ ಟಾಗೋರರದು: ಗಿಳಿಗೆ ವಿದ್ಯೆ ಕಲಿಸಬೇಕೆಂದು ರಾಜ ಅಪ್ಪಣೆ ಕೊಡುತ್ತಾನೆ, ಚಿನ್ನದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ಪುಸ್ತಕದ ಹಾಳೆಗಳನ್ನು ಗಿಳಿಯ ಗಂಟಲಿಗೆ ತುರುಕುತ್ತಾರೆ, ಎಲ್ಲರೂ ಉದ್ಧಾರವಾಗುತ್ತಾರೆ, ಗಿಳಿ ಸಾಯುತ್ತದೆ. ಶಿಕ್ಷಣವನ್ನು ಲೇವಡಿ ಮಾಡುವ ಈ ನಾಟಕವನ್ನು ಶಾಲೆಗಳೇ ವಾರ್ಷಿಕೋತ್ಸವದಲ್ಲಿ ಆಡಿಸಿ ಚಪ್ಪಾಳೆ ತಟ್ಟುತ್ತವೆ. ಮರುದಿನ ಗಂಟೆ ಬಾರಿಸಿದ ಕೂಡಲೇ ಹಾಳೆ ತುರುಕುವ ಕೆಲಸ ಮತ್ತೆ ಆರಂಭ.

ಕಾರಂತರ ಪತ್ನಿ ಪ್ರೇಮಾ ಕಾರಂತರು 1979ರಲ್ಲಿ ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರ ತೆರೆದರು. ‘ಅಳಿಲು ರಾಮಾಯಣ’ದಂಥ ನಾಟಕಗಳು ಅಲ್ಲಿ ರೂಪುಗೊಂಡವು. ಮುಂದೆ ಮೈಸೂರಿನ ರಂಗಾಯಣದ ಚಿಣ್ಣರ ಮೇಳ ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ರಂಗದ ಬಾಗಿಲು ತೆರೆಯಿತು. ಹೆಗ್ಗೋಡಿನ ನೀನಾಸಂ 1980ರಲ್ಲಿ ಆರಂಭಿಸಿದ ರಂಗಶಿಕ್ಷಣ ಕೇಂದ್ರದಲ್ಲಿ ಕಲಿತ ಹಲವರು ಶಾಲೆಗಳಲ್ಲಿ ನಾಟಕದ ಮೇಷ್ಟ್ರುಗಳಾದರು.

ಎರಡು ಎಳೆ ಸೇರಿದ ವರ್ಷ

1977ರಲ್ಲಿ ರಾಷ್ಟ್ರೀಯ ನಾಟಕ ಶಾಲೆ ಗಾಂಧಿಗ್ರಾಮದಲ್ಲಿ ದೀರ್ಘ ರಂಗತರಬೇತಿ ಶಿಬಿರ ನಡೆಸಿತು. ಆಧುನಿಕ ತಮಿಳು ರಂಗಭೂಮಿಯ ಚರಿತ್ರೆ ಬರೆಯುವವರು ಈ ಶಿಬಿರವನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಅದೇ ಶಾಲೆಯಲ್ಲಿ ಕಲಿತು, ಮುಂದೆ ತಂಜಾವೂರಿನ ತಮಿಳು ವಿಶ್ವವಿದ್ಯಾಲಯದಲ್ಲಿ ನಾಟಕ ಕಲಿಸಿದ ಸೆ. ರಾಮಾನುಜಂ ಈ ಪರಂಪರೆಯ ಮುಖ್ಯ ಹೆಸರು. ಮಕ್ಕಳ ರಂಗಭೂಮಿಗೂ ಅವರು ದುಡಿದರು. ಅದೇ 1977ರಲ್ಲಿ ನಾಟಕ ಶಾಲೆಯ ನಿರ್ದೇಶಕರಾದವರು ಬಿ.ವಿ. ಕಾರಂತ. ದೆಹಲಿಯಲ್ಲಿ ಕೂತು ಕಲಿಸಿದರೆ ಸಾಲದೆಂದು ಅವರು ಶಿಬಿರಗಳನ್ನು ಮಧುರೈ ಸೀಮೆಯಂಥ ದೂರದ ಊರುಗಳಿಗೆ ಒಯ್ದರು. ದಿಂಡಿಗಲ್, ತೇನಿ ಆಗಿನ್ನೂ ಮಧುರೈ ಜಿಲ್ಲೆಯಲ್ಲೇ ಇದ್ದವು. 1985ರಲ್ಲಿ ದಿಂಡಿಗಲ್, 1996ರಲ್ಲಿ ತೇನಿ ಪ್ರತ್ಯೇಕವಾದವು.

ತೇನಿ, ದಿಂಡಿಗಲ್ ಸೀಮೆಯಲ್ಲಿ ಕಪ್ಪಿಲಿಯರ್, ಅನುಪ್ಪರ್ ಸಮುದಾಯದ ಅನೇಕ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡ ಉಳಿದುಬಂದಿದೆ. ಆ ಮಕ್ಕಳ ಮನೆಮಾತು ಒಂದು, ಶಾಲೆಯ ಮಾತು ತಮಿಳು. ಪಠ್ಯದ ನುಡಿ ಮನೆಯಲ್ಲಿಲ್ಲದ ಯಾವ ಮಗುವಿಗಾದರೂ ಮೊದಲ ವರ್ಷಗಳಲ್ಲಿ ತರಗತಿ ಎಂದರೆ ಬಾಯಿ ಕಟ್ಟುವ ಜಾಗ. ಬಣ್ಣದ ಕಡ್ಡಿ ಕೊಟ್ಟಾಗ, ತಾಳ ಹಾಕಿಸಿದಾಗ, ಮರವಾಗಿಯೋ ಮೋಡವಾಗಿಯೋ ನಿಲ್ಲಿಸಿದಾಗ ಆ ಮಗು ಉಳಿದವರಿಗೆ ಸಮವಾಗುತ್ತದೆ. ಕಲೆಯ ತರಗತಿಯ ಅಗತ್ಯ ಇಂಥವರಿಗೇ ಹೆಚ್ಚು.

ಲಾಭದ ಲೆಕ್ಕ

ಸಂಗೀತ ಕಲಿತರೆ ಗಣಿತದ ಅಂಕ ಏರುತ್ತದೆ ಎಂದು ಜಾಹೀರಾತುಗಳು ಹೇಳುತ್ತವೆ. ಹಾರ್ವರ್ಡ್‌ನ ‘ಪ್ರಾಜೆಕ್ಟ್ ಜೀರೋ’ದ ಎಲೆನ್ ವಿನ್ನರ್ ಮತ್ತು ಲೋಯಿಸ್ ಹೆಟ್ಲಂಡ್ ಅದುವರೆಗಿನ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದು 2000ದಲ್ಲಿ ಹೇಳಿದ್ದು ಬೇರೆ: ಇಂಥ ಹೆಚ್ಚಿನ ಮಾತುಗಳಿಗೆ ಗಟ್ಟಿ ಆಧಾರವಿಲ್ಲ. ಗಟ್ಟಿಯಾಗಿ ನಿಂತ ಕೆಲವೇ ಸಂಬಂಧಗಳಲ್ಲಿ ಒಂದು ತರಗತಿಯ ನಾಟಕಕ್ಕೆ ಸೇರಿದ್ದು. ಕತೆಯನ್ನು ಆಡಿ ನೋಡಿದ ಮಕ್ಕಳ ಭಾಷಾ ಸಾಮರ್ಥ್ಯ ಬೆಳೆಯುತ್ತದೆ. ಚಿತ್ರಕಲೆಯ ತರಗತಿಗಳಲ್ಲಿ ಕೂತು ಗಮನಿಸಿ 2007ರಲ್ಲಿ ಅವರು ಸಹಲೇಖಕರ ಜೊತೆ ಪ್ರಕಟಿಸಿದ ಪುಸ್ತಕ ಅಲ್ಲಿ ಬೆಳೆಯುವ ಎಂಟು ರೂಢಿಗಳನ್ನು ಪಟ್ಟಿ ಮಾಡಿತು. ನಿಗಾ ಇಟ್ಟು ನೋಡುವುದು, ಬೇಸರವಾದರೂ ಬಿಡದೆ ಮಾಡುವುದು, ಮಾಡಿದ್ದನ್ನು ತಾನೇ ಒರೆಗೆ ಹಚ್ಚುವುದು ಅವುಗಳಲ್ಲಿ ಸೇರಿವೆ.

ಗಮನಿಸಿ, ಇವು ಯಾವುವೂ ವೇದಿಕೆಯ ಮೇಲಿನ ಐದು ನಿಮಿಷದಲ್ಲಿ ಹುಟ್ಟುವುದಿಲ್ಲ. ತಾಲೀಮಿನ ವಾರಗಳಲ್ಲಿ ಹುಟ್ಟುತ್ತವೆ: ಇನ್ನೊಬ್ಬನ ಮಾತು ಮುಗಿಯುವವರೆಗೆ ಕಾಯುವಾಗ, ಹಳೇ ಪೇಪರಿನ ಮುಖವಾಡ ಒಣಗದೆ ಹರಿದು ಮತ್ತೆ ಅಂಟಿಸುವಾಗ, ರಾಜನ ಪಾತ್ರ ಕೈತಪ್ಪಿ ಸೇವಕನಾಗಿ ನಿಲ್ಲುವಾಗ.

ಬಿರುದಿನ ಹಿಂದೆ ಬಿದ್ದರೆ

ಕಾಗದದ ಮೇಲೆ ಈಗ ಎಲ್ಲ ಇದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿವರೆಗೆ ಕಲೆ ಕಡ್ಡಾಯ ವಿಷಯವಾಗಲಿ ಎಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಗೆ ಕಲಾಶಿಕ್ಷಕರು ಬೇಕು. ಆದರೆ ಕಾಯ್ದೆಯೇ ಅವರನ್ನು ಅರೆಕಾಲಿಕರೆಂದು ಕರೆದಿದೆ. ತಮಿಳುನಾಡು 2012ರಲ್ಲಿ ಚಿತ್ರಕಲೆ, ದೈಹಿಕ ಶಿಕ್ಷಣ, ಹೊಲಿಗೆ ಮೊದಲಾದವುಗಳಿಗೆ ಹದಿನಾರು ಸಾವಿರಕ್ಕೂ ಮೀರಿ ಅರೆಕಾಲಿಕ ಶಿಕ್ಷಕರನ್ನು ತೆಗೆದುಕೊಂಡಿತು. ಕಾಯಂ ಮಾಡಿ ಎಂದು ಅವರು ವರ್ಷಗಟ್ಟಲೆ ಬೀದಿಯಲ್ಲಿ ಕೂತರು.

2022ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳಿಗೆ ‘ಕಲೈ ತಿರುವಿಳಾ’ ಎಂಬ ಕಲಾ ಉತ್ಸವ ಬಂತು. ಹಳ್ಳಿ ಮಗುವಿಗೂ ಶಾಲೆಯ ಹಂತದಿಂದ ರಾಜ್ಯದ ಹಂತದವರೆಗೆ ದಾರಿ ಕಾಣುವಂತಾದದ್ದು ದೊಡ್ಡ ಮಾತೇ. ಗೆದ್ದವರಿಗೆ ‘ಕಲೈಯರಸನ್’, ‘ಕಲೈಯರಸಿ’ ಬಿರುದು. ನೆರೆಯ ಕೇರಳ ಈ ದಾರಿಯಲ್ಲಿ ನಡೆದು ಎಡವಿದೆ. 1957ರಿಂದ ನಡೆಯುತ್ತಿರುವ ಅಲ್ಲಿನ ಶಾಲಾ ಕಲೋತ್ಸವದಲ್ಲಿ ಕಾಸರಗೋಡಿನ ನಮ್ಮ ಮಕ್ಕಳು ಯಕ್ಷಗಾನ ಕುಣಿಯುತ್ತಾರೆ, ಕನ್ನಡ ಕವಿತೆ ಓದುತ್ತಾರೆ. ಅಲ್ಲಿ ‘ಕಲಾಪ್ರತಿಭಾ’, ‘ಕಲಾತಿಲಕಂ’ ಪಟ್ಟಕ್ಕಾಗಿ ಮನೆಮನೆಗಳ ಪೈಪೋಟಿ ವಿಪರೀತವಾಗಿ, ಕೊನೆಗೆ 2006ರ ಹೊತ್ತಿಗೆ ಆ ಬಿರುದುಗಳನ್ನೇ ಕೈಬಿಟ್ಟು ಗ್ರೇಡಿಗೆ ತಿರುಗಬೇಕಾಯಿತು. ನಮ್ಮ ‘ಪ್ರತಿಭಾ ಕಾರಂಜಿ’ಯಲ್ಲೂ ಪ್ರತಿವರ್ಷ ಅದೇ ನಾಲ್ಕು ಚುರುಕು ಮಕ್ಕಳನ್ನೇ ಮುಂದೆ ತಳ್ಳುವ ಶಾಲೆಗಳೇನು ಕಡಿಮೆಯೇ?

ಸ್ಪರ್ಧೆ ಬೇಡವೆಂದಲ್ಲ. ಆದರೆ ಸ್ಪರ್ಧೆಗೆ ಆಯ್ಕೆಯಾದವರಿಗೆ ಮಾತ್ರ ತಾಲೀಮು ಸಿಕ್ಕರೆ ಉಳಿದ ಮಕ್ಕಳು ಬರೀ ಪ್ರೇಕ್ಷಕರು. ಶಾಲೆಯ ಹೊರಗೆ ತಾನಾಗಿ ಕಲಿಯಬಲ್ಲ ಇಳಯರಾಜ ಎಲ್ಲೋ ಒಬ್ಬರು. ಅವರಿಗೆ ಶಾಲೆಯ ಹಂಗಿಲ್ಲ. ಹಂಗಿರುವುದು ಯಾವ ಬಿರುದೂ ಬಾರದ ಮಿಕ್ಕ ಮಕ್ಕಳಿಗೆ. ಪಿ.ಕೆ. ನಾರಾಯಣ ಮೇಷ್ಟ್ರ ಕೈಯಲ್ಲಿ ಸರ್ಕಾರದ ಯೋಜನೆಯಾಗಲಿ ಉತ್ಸವವಾಗಲಿ ಇರಲಿಲ್ಲ. ಮೂರನೇ ತರಗತಿಯ ಮಕ್ಕಳಿದ್ದರು, ಒಂದು ನಾಟಕವಿತ್ತು, ದಿನವೂ ಶಾಲೆಗೆ ಬರುವ ಮೇಷ್ಟ್ರಾಗಿ ಅವರಿದ್ದರು. ಮಂಚಿಯಲ್ಲಾಗಲಿ ಹನುಮಂತನಪಟ್ಟಿಯಲ್ಲಾಗಲಿ ಸರ್ಕಾರಗಳು ಮೊದಲು ಒದಗಿಸಬೇಕಾದದ್ದು ಅಂಥ ಕಾಯಂ ಮೇಷ್ಟ್ರನ್ನು, ವೇಳಾಪಟ್ಟಿಯಲ್ಲಿ ಗಣಿತದವರು ಕಿತ್ತುಕೊಳ್ಳಲಾಗದ ಒಂದು ಪೀರಿಯಡ್ಡನ್ನು. ಉತ್ಸವ ಅದರ ನಂತರ ಬರಲಿ.