ಡೀಸೆಲ್ ಡಸ್ಟರೋ, ಪೆಟ್ರೋಲ್ ಕ್ರೆಟಾವೋ?

ಮನೆಗೊಂದು ದೊಡ್ಡ ಕಾರು ಬೇಕೆಂಬ ಮಾತು ನಿಮ್ಮಲ್ಲೂ ಬಂದಿರಬಹುದು. ಅತ್ತೆಗೆ ಮೊಣಕಾಲು ನೋವು, ತಗ್ಗಿನ ಕಾರಿನೊಳಗೆ ಬಗ್ಗಿ ಕೂರಲು ಆಗುವುದಿಲ್ಲ. ಮಕ್ಕಳ ಶಾಲೆ, ಮದ್ರಸ, ವಾರಕ್ಕೊಂದು ಮದುವೆ. ಹೊಸ ಕಾರೆಂದರೆ ಬ್ಯಾಂಕ್ ಸಾಲ, ಸಾಲವೆಂದರೆ ಬಡ್ಡಿ. ಅದರ ಗೊಡವೆಯೇ ಬೇಡವೆಂದು ಕೈಯಲ್ಲಿರುವ ಹಣದಲ್ಲೇ ಮುಗಿಸಲು ಹೊರಟವರ ಕಣ್ಣಿಗೆ ಬೀಳುವುದು ಏಳೆಂಟು ವರ್ಷ ಓಡಿದ ಕಾರುಗಳು. ಗಲ್ಫ್‌ನಲ್ಲಿರುವ ಮನೆಯವರು ಫೋನಿನಲ್ಲಿ "ಡೀಸೆಲ್ ನೋಡು, ಖರ್ಚು ಕಡಿಮೆ" ಎನ್ನುತ್ತಾರೆ. ತಮ್ಮ "ಪೆಟ್ರೋಲೇ ಇರಲಿ ಅಕ್ಕಾ" ಎನ್ನುತ್ತಾನೆ. ಆದರೆ ದಿನವೂ ಓಡಿಸಬೇಕಾದವರು ನೀವು ತಾನೇ? ಹಾಗಾದರೆ ಲೆಕ್ಕವನ್ನೂ ನೀವೇ ಹಾಕಿ ನೋಡಿ.

ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಹೆಚ್ಚಾಗಿ ಎದುರಾಗುವ ಎರಡನ್ನು ತೆಗೆದುಕೊಳ್ಳೋಣ. ರೆನೊ ಡಸ್ಟರ್ ಭಾರತಕ್ಕೆ ಬಂದದ್ದು 2012ರಲ್ಲಿ. ಅದರ 1461 ಸಿ.ಸಿ. ಡೀಸೆಲ್ ಎಂಜಿನ್ 85 ಮತ್ತು 110 ಅಶ್ವಶಕ್ತಿಯ ಎರಡು ಬಗೆಗಳಲ್ಲಿತ್ತು. ಹ್ಯುಂಡೈ ಕ್ರೆಟಾ ಬಂದದ್ದು 2015ರಲ್ಲಿ. ಅದರ ಪೆಟ್ರೋಲ್ ಎಂಜಿನ್ 1591 ಸಿ.ಸಿ., ಶಕ್ತಿ 123. ನೆಲದಿಂದ ಡಸ್ಟರ್‌ಗೆ 205 ಮಿಲಿಮೀಟರ್ ಎತ್ತರ, ಕ್ರೆಟಾಗೆ 190. ಡಸ್ಟರ್‌ನ ಡಿಕ್ಕಿ 475 ಲೀಟರಿನದು. ಮದುವೆ ಮನೆಯ ಪಾತ್ರೆಗಳೂ ಹಿಡಿಸುತ್ತವೆ. ಕ್ರೆಟಾದ್ದು ಸುಮಾರು 400. ಹೊಂಡ ಬಿದ್ದ ಮಳೆಗಾಲದ ರಸ್ತೆಯಲ್ಲಿ ಡಸ್ಟರ್ ಹೋಗುವ ಗತ್ತೇ ಬೇರೆ. ಒಳಗಿನ ಅಂದ, ಕೈಗೆ ಸಿಗುವ ಸೌಕರ್ಯದಲ್ಲಿ ಕ್ರೆಟಾ ಮೇಲು. ಅದೇ ವರ್ಷದ ಡಸ್ಟರ್‌ಗಿಂತ ಅದರ ಬೆಲೆಯೂ ಮೇಲೆಯೇ.

ಈಗ ಲೆಕ್ಕ. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಡೀಸೆಲ್ 91 ಎಂದಿಟ್ಟುಕೊಳ್ಳಿ. ಕಂಪೆನಿಯವರು ಹೇಳುವ ಮೈಲೇಜ್ ಬಿಡಿ, ನಮ್ಮ ರಸ್ತೆಯಲ್ಲಿ ಡಸ್ಟರ್‌ಗೆ 16 ಕಿಲೋಮೀಟರ್, ಕ್ರೆಟಾಗೆ 12 ಸಿಕ್ಕಿತೆನ್ನೋಣ. ಕಿಲೋಮೀಟರಿಗೆ ಡೀಸೆಲ್ ಖರ್ಚು 5 ರೂಪಾಯಿ 70 ಪೈಸೆ, ಪೆಟ್ರೋಲಿನದು 8 ರೂಪಾಯಿ 60 ಪೈಸೆ. ಶಾಲೆ, ಪೇಟೆ, ತವರು ಮನೆ ಎಂದು ತಿಂಗಳಿಗೆ 400 ಕಿಲೋಮೀಟರ್ ಓಡಿಸುವವರಿಗೆ ಡೀಸೆಲಿನಿಂದ ವರ್ಷಕ್ಕೆ ಉಳಿಯುವುದು ಹದಿನಾಲ್ಕು ಸಾವಿರದಷ್ಟು. ವ್ಯಾಪಾರಕ್ಕಾಗಿ ತಿಂಗಳಿಗೆ 1500 ಕಿಲೋಮೀಟರ್ ಓಡುವ ಮನೆಗೆ ಅದೇ ಉಳಿತಾಯ ಐವತ್ತು ಸಾವಿರ ದಾಟುತ್ತದೆ.

ಇನ್ನೊಂದು ಖರ್ಚನ್ನು ಯಾರೂ ಹೇಳುವುದಿಲ್ಲ. ಕಡ್ಡಾಯ ಥರ್ಡ್ ಪಾರ್ಟಿ ವಿಮೆಯ ಕಂತು ಎಂಜಿನ್ ಗಾತ್ರದ ಮೇಲೆ ನಿಲ್ಲುತ್ತದೆ. 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ 1000 ದಾಟಿ 1500 ಸಿ.ಸಿ.ವರೆಗಿನ ಕಾರಿಗೆ 3,416 ರೂಪಾಯಿ, ಅದನ್ನು ಮೀರಿದರೆ 7,897. ಡಸ್ಟರ್ ಡೀಸೆಲ್ ಒಳಗಿದೆ, ಕ್ರೆಟಾ ಪೆಟ್ರೋಲ್ ಹೊರಗಿದೆ!

ಇಷ್ಟು ಓದಿ ಡಸ್ಟರೇ ಸರಿ ಎಂದು ತೀರ್ಮಾನಿಸಬೇಡಿ. ಆ ಡೀಸೆಲ್ ಎಂಜಿನಿಗೆ ಟೈಮಿಂಗ್ ಬೆಲ್ಟ್ ಇದೆ. ಕೈಪಿಡಿಯಲ್ಲಿ ಹೇಳಿದ ಅವಧಿಗೆ ಅದನ್ನು ಬದಲಾಯಿಸದೆ ಬಿಟ್ಟು ಅದು ತುಂಡಾದರೆ ಎಂಜಿನಿನ ಒಳಭಾಗಗಳೇ ಹಾಳಾಗುತ್ತವೆ. ಕ್ರೆಟಾದಲ್ಲಿರುವುದು ಚೈನ್, ಆ ಚಿಂತೆಯಿಲ್ಲ. ಡೀಸೆಲಿನ ಟರ್ಬೊ, ಇಂಜೆಕ್ಟರ್ ಕೆಟ್ಟರೆ ಬಿಲ್ಲು ಹತ್ತಾರು ಸಾವಿರ. ತಿಂಗಳಿಗೆ 400 ಕಿಲೋಮೀಟರ್ ಓಡಿಸುವವರು ಎರಡು ವರ್ಷ ಉಳಿಸಿದ್ದನ್ನು ಒಂದೇ ರಿಪೇರಿ ನುಂಗಿಬಿಡಬಹುದು. ಜೊತೆಗೆ ಡಸ್ಟರ್‌ನ ಡೀಸೆಲ್ 2020ಕ್ಕೆ ನಿಂತಿತು, ಆ ಹಳೆಯ ಮಾದರಿಯ ತಯಾರಿಯೇ 2022ಕ್ಕೆ ಮುಗಿಯಿತು. ಆದ್ದರಿಂದ ನಿಮ್ಮೂರಿನಲ್ಲಿ ಅದನ್ನು ಬಲ್ಲ ಮೆಕ್ಯಾನಿಕ್ ಇದ್ದಾನೆಯೇ ಎಂದು ಮೊದಲು ವಿಚಾರಿಸಿ. ಡಸ್ಟರ್‌ನ ಕ್ಲಚ್ ಕೂಡ ಗಟ್ಟಿ. ಹತ್ತು ನಿಮಿಷ ಪೇಟೆಯ ಗದ್ದಲದಲ್ಲಿ ಓಡಿಸಿದರೆ ಎಡಗಾಲು ತಾನೇ ಉತ್ತರ ಹೇಳುತ್ತದೆ.

ಪೆಟ್ರೋಲಿಗೂ ಒಂದು ಹೊಸ ತಲೆನೋವು ಬಂದಿದೆ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. 2023ಕ್ಕಿಂತ ಹಿಂದಿನ ಹೆಚ್ಚಿನ ಕಾರುಗಳನ್ನು ಅದಕ್ಕಾಗಿ ಹೊಂದಿಸಿರಲಿಲ್ಲ. ಮೈಲೇಜ್ ಸ್ವಲ್ಪ ಇಳಿಯುತ್ತದೆ. ಹಳೆಯ ಪೈಪು, ರಬ್ಬರುಗಳನ್ನು ಪರೀಕ್ಷಿಸಿಕೊಳ್ಳಬೇಕು.

ನನ್ನನ್ನು ಕೇಳಿದರೆ, ಗಂಡ ಊರಲ್ಲಿಲ್ಲದ, ನೀವೊಬ್ಬರೇ ಓಡಿಸುವ, ವಾರದಲ್ಲಿ ಎರಡು ದಿನ ಶೆಡ್ಡಿನಲ್ಲೇ ನಿಲ್ಲುವ ಕಾರಾದರೆ ಪೆಟ್ರೋಲ್ ಕ್ರೆಟಾ ಎನ್ನುತ್ತೇನೆ, ಖರ್ಚು ಹೆಚ್ಚಾದರೂ. ಶಿರಾಡಿ ಘಾಟಿ ಹತ್ತಿ ತಿಂಗಳಿಗೆ ನಾಲ್ಕು ಸಲ ಬೆಂಗಳೂರಿಗೆ ಹೋಗುವ ಮನೆಯಾದರೆ ಡಸ್ಟರ್.

ಯಾವುದನ್ನೇ ಆರಿಸಿ, ಏರ್‌ಬ್ಯಾಗ್ ಇಲ್ಲದ್ದು ಬೇಡವೇ ಬೇಡ. 2017ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನಡೆಸಿದ ಅಪಘಾತ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಡಸ್ಟರ್‌ಗೆ ದೊಡ್ಡವರ ಸುರಕ್ಷತೆಯಲ್ಲಿ ಸಿಕ್ಕಿದ್ದು ಸೊನ್ನೆ. ಚಾಲಕರ ಏರ್‌ಬ್ಯಾಗ್ ಇದ್ದದ್ದಕ್ಕೆ ಮೂರು ನಕ್ಷತ್ರ. ಕಾರುಗಳಲ್ಲಿ ಚಾಲಕರ ಏರ್‌ಬ್ಯಾಗ್ ಕಡ್ಡಾಯವಾದದ್ದೇ 2019ರ ಜುಲೈಯಿಂದ. ಅದಕ್ಕಿಂತ ಹಳೆಯದಾದರೆ ಸ್ಟೇರಿಂಗ್ ಮೇಲಿನ ಗುರುತು ನೋಡಿಯೇ ಮುಂದಿನ ಮಾತು.

ನೋಡಲು ಬೆಳಗ್ಗೆಯೇ ಹೋಗಿ. ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಎಂದರ್ಥ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗುವಾಗಿನ ಸದ್ದು, ಹೊಗೆ ಬಹಳಷ್ಟು ಹೇಳುತ್ತದೆ. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ. ಮೀಟರಿನಲ್ಲಿ 50 ಸಾವಿರ ಕಿಲೋಮೀಟರ್ ಇದ್ದು ಪೆಡಲಿನ ರಬ್ಬರು ಸವೆದು ನುಣುಪಾಗಿದ್ದರೆ ನಂಬಬೇಡಿ, ಸರ್ವಿಸ್ ದಾಖಲೆ ಕೇಳಿ. ನನ್ನ ನೆಂಟರೊಬ್ಬರು ಆರು ತಿಂಗಳು ನಿಂತಿದ್ದ ಕಾರೊಂದನ್ನು ಮೇಲಿನ ಹೊಳಪು ನೋಡಿ ಕೊಂಡರು. ಒಳಗೆ ಇಲಿಗಳು ವೈರುಗಳನ್ನು ಕಡಿದು ಹಾಕಿದ್ದವು. ಮಾರಿದವರಿಗೆ ಅದು ಗೊತ್ತಿತ್ತು. ದೋಷ ಮುಚ್ಚಿಟ್ಟು ಮಾರುವುದು ಎಂತಹ ವ್ಯಾಪಾರವೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ತೀರಾ ಅಗ್ಗಕ್ಕೆ ಸಿಗುವ ದೆಹಲಿ ನಂಬರಿನ ಡೀಸೆಲ್ ಕಾರಿನ ಬಗ್ಗೆಯೂ ಎಚ್ಚರ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲಿನ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಅನೇಕ ಕಾರುಗಳು ಬೇರೆ ರಾಜ್ಯಗಳಿಗೆ ಬಂದವು. ಅಲ್ಲಿನ ನಿರಾಕ್ಷೇಪಣಾ ಪತ್ರ, ಇಲ್ಲಿನ ತೆರಿಗೆ ಎರಡನ್ನೂ ಲೆಕ್ಕಕ್ಕೆ ಸೇರಿಸಿದರೆ ಅಗ್ಗವೇನೂ ಉಳಿಯುವುದಿಲ್ಲ.

ಹಣ ಕೊಡುವ ಮೊದಲು ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರಿದೆಯೇ ನೋಡಿ. ಇದ್ದರೆ ಸಾಲ ತೀರಿದ ಪತ್ರವೂ 35ನೇ ನಮೂನೆಯೂ ಬೇಕು. 29 ಮತ್ತು 30ನೇ ನಮೂನೆಗಳಿಗೆ ಮಾರುವವರ ಸಹಿ ನಿಮ್ಮೆದುರೇ ಆಗಲಿ. ಕೊಂಡ 14 ದಿನದೊಳಗೆ ವಿಮೆಯನ್ನೂ ಬದಲಾಯಿಸಲು ಅರ್ಜಿ ಕೊಡಿ. ಇನ್ನು ಕಾರು ಯಾರ ಹೆಸರಿಗೆ? ಮನೆಯವರು ದೂರದಲ್ಲಿದ್ದರೆ ಮುಂದೆ ಪ್ರತಿಯೊಂದು ಸಹಿಗೂ ಅವರ ರಜೆ ಕಾಯಬೇಕಾಗುತ್ತದೆ. ನಿಮ್ಮ ಬಳೆ ಮಾರಿದ ಹಣವೂ ಅದರಲ್ಲಿ ಸೇರಿದ್ದರಂತೂ ಸಂಕೋಚಪಡದೆ ಇಂದೇ ಫೋನಿನಲ್ಲಿ ಹೇಳಿಬಿಡಿ, ಆರ್.ಸಿ. ನನ್ನ ಹೆಸರಿನಲ್ಲಿರಲಿ ಎಂದು.