ತರುಣ ಸಂಶೋಧಕರಿಗೊಂದು ಪಾರಿತೋಷಕ

ಯಲವಿಗಿಯ ಸುತ್ತಣ ಸವಣೂರು, ಹಾನಗಲ್ಲು, ಶಿಗ್ಗಾವಿ ಸೀಮೆಯ ಇತಿಹಾಸವು ಶಿಲಾಶಾಸನಗಳಿಂದಲೇ ಮೊದಲಾಗುವುದೆಂದು ನಾವು ಭಾವಿಸುವುದುಂಟು. ಅಕ್ಷರಕ್ಕೂ ಹಿಂದಿನ ಕಥೆಯನ್ನು ಹೇಳಬೇಕಾದುದು ಮಣ್ಣು, ಬೂದಿ, ಎಲುಬುಗಳೇ.

ತುಂಗಭದ್ರೆಯ ದಂಡೆಯಲ್ಲಿ, ಆಗಿನ ಹಿರೇಕೆರೂರ ತಾಲೂಕಿಗೆ ಸೇರಿದ್ದ ಹಳ್ಳೂರು ಇದಕ್ಕೆ ನಿದರ್ಶನ. 1947ರಲ್ಲಿ ಬ್ರಹ್ಮಗಿರಿಯನ್ನು ಅಗೆಯಿಸಿದ ವ್ಹೀಲರ್ ಸಾಹೇಬರು ಅಲ್ಲಿಯ ಕಬ್ಬಿಣದ ಕಾಲವನ್ನು ಕ್ರಿ.ಪೂ. 200ರ ಸುಮಾರಿಗೆ ಇರಿಸಿದ್ದರು. 1965ರಲ್ಲಿ ಡಾ. ಎಂ. ಎಸ್. ನಾಗರಾಜರಾಯರು ಹಳ್ಳೂರನ್ನು ಅಗೆಯಿಸಿದರು. ಇದ್ದಿಲ ತುಣುಕುಗಳು ಮುಂಬಯಿಯ ಟಾಟಾ ಸಂಶೋಧನ ಸಂಸ್ಥೆಗೆ ಹೋದವು. ಸತ್ತ ಜೀವದಲ್ಲಿಯ ವಿಕಿರಣ ಇಂಗಾಲವು 5,730 ವರ್ಷಗಳಿಗೆ ಅರ್ಧದಷ್ಟಾಗುವುದೆಂಬ ಲೆಕ್ಕದಿಂದ, ನಮ್ಮ ನಾಡಿನ ಕಬ್ಬಿಣವು ಕ್ರಿ.ಪೂ. 1000ದ ಸುಮಾರಿಗೆ ಸರಿಯಿತು. ಪಶುವೈದ್ಯರಾದ ಡಾ. ಕೆ. ಆರ್. ಆಲೂರರು ಅಲ್ಲಿಯ ಎಲುಬುಗಳಲ್ಲಿ ಕುದುರೆಯನ್ನು ಗುರುತಿಸಿದಾಗ ವಿದ್ವಾಂಸರಲ್ಲಿ ದೊಡ್ಡ ವಾದವೇ ಎದ್ದಿತು.

ಒಂದು ಹಿಡಿ ಇದ್ದಿಲು ಎಂಟು ಶತಮಾನಗಳನ್ನು ಹಿಂದಕ್ಕೆ ಒಯ್ಯಬಲ್ಲುದಾದರೆ, ಅದನ್ನು ಓದಬಲ್ಲ ತರುಣರನ್ನು ಬೆಳೆಸುವುದು ನಾಡಿನ ಹೊಣೆಯಲ್ಲವೇ? ಅಮೇರಿಕೆಯ ಪುರಾತತ್ತ್ವ ವಿಜ್ಞಾನ ಸಂಘವು ವಿದ್ಯಾರ್ಥಿಗಳಿಗಾಗಿ ಆರ್. ಇ. ಟೇಲರ್ ಹೆಸರಿನ ಪಾರಿತೋಷಕವನ್ನು ಇರಿಸಿದೆ. ನಮ್ಮ ವಿಶ್ವವಿದ್ಯಾಲಯಗಳೂ ಶ್ರೀಮಂತರೂ ಕೂಡಿ ಹಳ್ಳೂರಿನ ಹೆಸರಿನಲ್ಲಿ ಅಂಥದೊಂದನ್ನು ಸ್ಥಾಪಿಸಲಿ. ಬರಿಯ ಪದಕದಿಂದ ಫಲವಿಲ್ಲ. ಪ್ರಯೋಗಶಾಲೆಯ ವೆಚ್ಚವೂ ಅದರಲ್ಲಿ ಕೂಡಿರಬೇಕು, ಫಲಿತಾಂಶವು ಕನ್ನಡದಲ್ಲಿಯೂ ಪ್ರಕಟವಾಗಬೇಕು. ನೇಗಿಲಿಗೂ ಇಟ್ಟಿಗೆಯ ಭಟ್ಟಿಗೂ ಸಿಕ್ಕಿ ದಿಬ್ಬಗಳು ಅಳಿದ ಮೇಲೆ ಎಂಥ ಯಂತ್ರವೂ ಅವುಗಳನ್ನು ಮರಳಿ ಕೊಡಲಾರದು. ತಡಮಾಡುವ ಕಾಲವಿದಲ್ಲ.